ವಫ್ರಾದಲ್ಲಿ ಧೂಳೆದ್ದ ಶುಕ್ರವಾರ

ಮೂಡುಬೆಳ್ಳೆಯ ರೋಕ್ ಮಿನೇಜಸ್ ಕುವೈತಿಗೆ ಬಂದದ್ದು ಪಾತ್ರೆ ತೊಳೆಯುವ ಕೆಲಸಕ್ಕೆ. ಅದು ತೊಂಬತ್ತಾರನೇ ಇಸವಿ. ಸಾಲ್ಮಿಯಾದಲ್ಲಿ ಆಗಷ್ಟೇ ಒಂದು ಮೆಕ್ಸಿಕನ್ ಹೋಟೆಲು ತೆರೆದಿತ್ತು. ಅದರ ಅಡಿಗೆಮನೆಯನ್ನು ಹಳಿಗೆ ತರಲು ಮೆಕ್ಸಿಕೋದಿಂದಲೇ ಲೂಸ್ ಎಂಬ ದಪ್ಪನೆಯ ಹೆಂಗಸೊಬ್ಬಳನ್ನು ಒಂದು ವರ್ಷದ ಮಟ್ಟಿಗೆ ಕರೆಸಿದ್ದರು. ಅವಳಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತು ಬಾರದು, ರೋಕ್‌ಗೆ ಸ್ಪ್ಯಾನಿಷ್ ಬಾರದು. ಆದರೂ ಮೆಣಸು ಹುರಿಯುವಾಗ ಉಳಿದವರೆಲ್ಲ ಕೆಮ್ಮುತ್ತಾ ಹೊರಗೋಡಿದರೆ ಇವನೊಬ್ಬ ನಿಂತೇ ಇರುತ್ತಿದ್ದ. ಅದನ್ನು ನೋಡಿಯೇ ಇರಬೇಕು, ಅವಳು ಅವನ ಕೈಯಿಂದ ಪಾತ್ರೆ ಕಸಿದು ಸೌಟು ಕೊಟ್ಟಳು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ತಿಕ್ಕಿ ತೊಳೆದು ರುಬ್ಬುವುದನ್ನು ಕಲಿಸಿದಳು. ಸುಣ್ಣ ಎಂದರೆ ಎಲೆ ಅಡಿಕೆಗೆ ಹಚ್ಚುವುದು ಎಂದಷ್ಟೇ ತಿಳಿದಿದ್ದ ರೋಕ್‌ಗೆ ಮೊದಮೊದಲು ಅದನ್ನು ಬಾಯಿಗಿಡಲು ಹೆದರಿಕೆ. ವರ್ಷ ಮುಗಿದು ಲೂಸ್ ವಿಮಾನ ಹತ್ತುವ ಹೊತ್ತಿಗೆ ತೋರ್ತಿಯಾ ರೊಟ್ಟಿ ತಟ್ಟುವುದರಲ್ಲಿ ಅವನ ಕೈ ಪಳಗಿತ್ತು. ಆಮೇಲೆ ಆ ಒಲೆಯ ಮುಂದಿನಿಂದ ಅವನು ಕದಲಲಿಲ್ಲ.

ಬೆಟ್ಟಿಯನ್ನು ಮದುವೆಯಾಗಿ ಕರೆತಂದ. ಅವಳು ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನರ್ಸು. ಅಬ್ಬಾಸಿಯಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆಶ್ಲಿ ಹುಟ್ಟಿ ಬೆಳೆದಳು. ಒಬ್ಬಳೇ ಮಗಳು. ಅಪ್ಪ ಅಮ್ಮ ಕೊಂಕಣಿಯಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. ಅವಳ ಕಪಾಟಿನ ಬಾಗಿಲ ತುಂಬ ಪತ್ರಿಕೆಗಳಿಂದ ಕತ್ತರಿಸಿದ ಕುದುರೆಗಳ ಚಿತ್ರ. ಕಟ್ಟಡದ ಕಿಟಕಿ ತೆರೆದರೆ ಎದುರು ಕಟ್ಟಡದ ಬಟ್ಟೆ ಒಣಗುವ ಹಗ್ಗ ಮಾತ್ರ ಕಾಣುವ ಆ ಊರಿನಲ್ಲಿ ಮಗುವಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತೋ ರೋಕ್‌ಗೆ ತಿಳಿಯದು.

ಹೋಟೆಲಿನ ಮ್ಯಾನೇಜರ್‌ಗೆ ಒಂದು ಚಳಿಗಾಲದಲ್ಲಿ ಹೊಸ ಯೋಚನೆ ಹೊಳೆಯಿತು. ವಫ್ರಾದಲ್ಲಿ, ಟೊಮೆಟೊ ಸೌತೆ ಬೆಳೆಯುವ ತೋಟಗಳ ಆಚೆ, ಅವನ ಪರಿಚಯದ ಕುವೈತಿಯೊಬ್ಬರ ಕುದುರೆಲಾಯವಿತ್ತು. ಶುಕ್ರವಾರ ಬೆಳಿಗ್ಗೆ ಜನರನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ಯುವುದು, ಕುದುರೆ ಸವಾರಿ ಮಾಡಿಸುವುದು, ಮಧ್ಯಾಹ್ನ ಮೆಕ್ಸಿಕೋದ ಹಳ್ಳಿಯ ಊಟ ಬಡಿಸುವುದು, ಬಿಸಿಲು ಇಳಿದ ಮೇಲೆ ಇನ್ನೊಂದು ಸುತ್ತು ಹೊಡೆಸಿ ಸಂಜೆಗೆ ಊರು ಮುಟ್ಟಿಸುವುದು. ದೊಡ್ಡ ಕಂಪನಿಗಳ ಸಾಹೇಬರು ಮನೆಮಂದಿಯೊಡನೆ ಮುಗಿಬಿದ್ದು ಬಂದರು. ರೋಕ್ ಹಿಂದಿನ ದಿನವೇ ಅಲ್ಲಿಗೆ ಹೋಗಿ, ಮರಳಿನಲ್ಲಿ ಹೊಂಡ ತೋಡಿ, ಕೆಂಡ ಹಾಕಿ, ಮಸಾಲೆ ಸವರಿದ ಕುರಿಮಾಂಸವನ್ನು ಬಾಳೆಲೆಯಲ್ಲಿ ಸುತ್ತಿ ಹೂಳುತ್ತಿದ್ದ. ಬಾಳೆಲೆ ಅಬ್ಬಾಸಿಯಾದ ಅಂಗಡಿಯದೇ. ಕುಡಿಯಲು ಅಕ್ಕಿ ರುಬ್ಬಿ ಚಕ್ಕೆ ಹಾಕಿದ ತಣ್ಣನೆಯ ಹಾಲು, ಒಣ ದಾಸವಾಳದ ಕೆಂಪು ಶರಬತ್ತು, ಹುಣಸೆ ಪಾನಕ.

ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು ಉಪ್ಪಿನಂಗಡಿಯ ನಿಯಾಝ್. ತೆಳ್ಳಗಿನ ಬ್ಯಾರಿ ಹುಡುಗ, ಮದುವೆಯಾಗಿ ಒಂದೇ ತಿಂಗಳಿಗೆ ಹೊರಟು ಬಂದವನು. ವಾರವಿಡೀ ಕುದುರೆಗಳೊಡನೆ ಒಬ್ಬನೇ ಇರುವ ಅವನಿಗೆ ರೋಕ್ ಬಂದರೆ ಹಬ್ಬ. ಹೊಂಡದ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಊರಿನ ಮಾತಾಡುತ್ತಿದ್ದ.

ಎರಡು ಸಾವಿರದ ಹನ್ನೊಂದರ ಆರಂಭದಲ್ಲಿ ಬೆಟ್ಟಿಯ ಕ್ಲಿನಿಕ್ಕು ಕೈ ಬದಲಾಯಿಸಿತು. ಹೊಸಬರು ಅವಳ ಕರಾರು ಮುಂದುವರಿಸಲಿಲ್ಲ. ರೋಕ್ ಒಬ್ಬನ ದುಡಿಮೆಯಲ್ಲಿ ಮೂವರು ಅಲ್ಲಿರುವಂತಿರಲಿಲ್ಲ. ಶಾಲೆಯ ವರ್ಷ ಮುಗಿದೊಡನೆ ತಾಯಿ ಮಗಳು ಊರಿಗೆ, ರೋಕ್ ಬ್ಯಾಚುಲರ್ ರೂಮಿಗೆ ಎಂದು ತೀರ್ಮಾನವಾಯಿತು. ಆಶ್ಲಿ ಅಳಲಿಲ್ಲ, ಮಾತು ಬಿಟ್ಟಳು. ಕಪಾಟಿನ ಚಿತ್ರಗಳನ್ನು ಒಂದೊಂದಾಗಿ ಕಿತ್ತು ಕಸದ ಚೀಲಕ್ಕೆ ಹಾಕಿದಳು. ಅದನ್ನು ನೋಡಿದ ಮೇಲೆ ರೋಕ್ ಮ್ಯಾನೇಜರನ ಮುಂದೆ ಹೋಗಿ ನಿಂತ. ಇಷ್ಟು ವರ್ಷದಲ್ಲಿ ತನಗಾಗಿ ಏನನ್ನೂ ಕೇಳದವನು, ಮಗಳಿಗೆ ಒಂದು ಸೀಟು ಕೇಳಿದ. ಮಾರ್ಚಿನ ಕೊನೆಯ ಶುಕ್ರವಾರ ಯಾರೋ ಬರುವುದಿಲ್ಲವೆಂದು ಹೇಳಿದ್ದರಿಂದ ಸೀಟು ಸಿಕ್ಕಿತು.

ಆ ಬೆಳಿಗ್ಗೆ ಆಶ್ಲಿ ಬಿಳಿ ಕುದುರೆಯೊಂದರ ಮೇಲೆ ಕುಳಿತು ಬೇಲಿಯ ಪಕ್ಕ ಹಾದುಹೋದಾಗ ರೋಕ್ ತೋರ್ತಿಯಾ ಮಗುಚುವುದನ್ನೇ ಮರೆತ. ಹದಿಮೂರರ ಹುಡುಗಿ, ಬೆನ್ನು ನೆಟ್ಟಗೆ, ಗದ್ದ ಎತ್ತಿ. ಮಧ್ಯಾಹ್ನ ಅತಿಥಿಗಳ ಸಾಲಿನಲ್ಲಿ ಅವಳೂ ತಟ್ಟೆ ಹಿಡಿದು ಬಂದಳು. ಅಪ್ಪ ಬಡಿಸಿದ, ಮಗಳು "ಥ್ಯಾಂಕ್ ಯೂ, ಶೆಫ್" ಎಂದಳು. ತಿಂಗಳಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಊಟ ಮುಗಿದು ಎರಡನೇ ಸವಾರಿಗೆ ಜನ ಕುದುರೆ ಹತ್ತುತ್ತಿದ್ದರು. ಅಷ್ಟರಲ್ಲಿ ನಿಯಾಝ್ ಮೊಬೈಲು ಹಿಡಿದುಕೊಂಡೇ ಮ್ಯಾನೇಜರನ ಬಳಿಗೆ ಬಂದ. ರೋಕ್ ಪಕ್ಕದಲ್ಲೇ ಹಂಡೆ ತೊಳೆಯುತ್ತಿದ್ದ.

"ಸರ್, ಈಗ ಹೋಗುವುದು ಬೇಡ," ಎಂದ ನಿಯಾಝ್, ಬಂದಷ್ಟು ಅರಬಿಯಲ್ಲಿ. "ನನ್ನ ಭಾವ ಉತ್ತರದಲ್ಲಿ, ಜಹ್ರಾದಲ್ಲಿದ್ದಾರೆ. ಅಲ್ಲಿ ಧೂಳು ಬಂದು ಹಗಲೇ ಕತ್ತಲಾಗಿದೆಯಂತೆ. ಕುದುರೆಗಳೂ ಬೆಳಿಗ್ಗೆಯ ಹಾಗಿಲ್ಲ."

"ಜಹ್ರಾ ಎಲ್ಲಿ, ವಫ್ರಾ ಎಲ್ಲಿ? ಆಕಾಶ ನೋಡು. ಚಿಕ್ಕ ಸುತ್ತು ಹೊಡೆಸಿ ಬಾ. ಯಲ್ಲಾ."

"ಸರ್, ಲಾಯದ ಒಡೆಯ ಬಾಬಾನಿಗೆ ಒಂದು ಫೋನ್ ಮಾಡಿ ಕೇಳುವ."

"ನಾನು ಹೇಳಿದೆನಲ್ಲ. ಖಲಾಸ್."

ರೋಕ್ ಕೈ ಒರೆಸಿಕೊಂಡು ಬಿಳಿ ಕುದುರೆಯ ಬಳಿಗೆ ಓಡಿದ. "ಆಶ್ಲಿ, ಇಳಿ ಬಾ. ಸಾಕು."

"ಪಪ್ಪಾ, ಪ್ಲೀಸ್. ಇಟ್ಸ್ ಮೈ ಲಾಸ್ಟ್ ಟೈಮ್."

ಆಕಾಶ ನಿಜಕ್ಕೂ ತಿಳಿಯಾಗಿತ್ತು. ನಿಯಾಝ್ ಬಂದು, "ರೋಕಣ್ಣ, ಹೋಗ್ಲೇಬೇಕು ಅಂತಾರೆ, ಎಂತ ಮಾಡುದು? ನಾನು ಇವಳ ಪಕ್ಕದಲ್ಲೇ ಇರ್ತೇನೆ. ನೀವು ಹೆದರ್ಬೇಡಿ," ಎಂದ. ರೋಕ್ ಲಗಾಮು ಬಿಟ್ಟ.

ಅವರು ಅಥಲ್ ಮರಗಳ ಸಾಲು ದಾಟಿ ಕಣ್ಮರೆಯಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಉತ್ತರದ ಕಡೆ ಒಂದು ಬೆಟ್ಟ ಎದ್ದು ನಿಂತಿತು. ಕುವೈತಿನಲ್ಲಿ ಬೆಟ್ಟವಿಲ್ಲ. ಕೆಂಪು, ಬುಡದಲ್ಲಿ ಕಪ್ಪು, ನೆಲದಿಂದ ಆಕಾಶದವರೆಗೆ. ಅದು ಸದ್ದಿಲ್ಲದೆ ನಡೆದು ಬರುತ್ತಿತ್ತು. ಸದ್ದು ಆಮೇಲೆ ಬಂತು. ಮೇಜಿನ ಬಟ್ಟೆ, ತಟ್ಟೆ, ಪಾನಕದ ಜಾಡಿಗಳು ಒಂದೇ ಏಟಿಗೆ ಹಾರಿಹೋದವು. ಎದುರಿಗೆ ಚಾಚಿದ ತನ್ನ ಕೈಯೇ ರೋಕ್‌ಗೆ ಕಾಣಲಿಲ್ಲ.

ಸವಾರಿಗೆ ಹೋಗಿದ್ದವರು ಧೂಳನ್ನು ಕಂಡು ಕುದುರೆ ತಿರುಗಿಸಿದ್ದರು. ಒಬ್ಬೊಬ್ಬರಾಗಿ ಬೇಲಿಗೆ ಬಂದು ತಾಕಿದರು. ಹೆಂಗಸರು ಅಳುತ್ತಾ, ಗಂಡಸರು ಹೆಂಡಿರ ಹೆಸರು ಕೂಗುತ್ತಾ ಶೆಡ್ಡಿನೊಳಗೆ ನುಗ್ಗಿದರು. ರೋಕ್ ಬಾಗಿಲಲ್ಲಿ ನಿಂತು ಒಳಬಂದವರ ಮುಖವನ್ನೆಲ್ಲ ಕೈಯಿಂದ ಮುಟ್ಟಿ ನೋಡಿದ. ಮಗಳಿಲ್ಲ. ನಿಯಾಝ್ ಇಲ್ಲ. ಆಮೇಲೆ ಬಿಳಿ ಕುದುರೆ ಬಂತು. ಜೀನು ಪಕ್ಕಕ್ಕೆ ವಾಲಿತ್ತು. ಮೇಲೆ ಯಾರೂ ಇರಲಿಲ್ಲ.

ರೋಕ್ ಬೇಲಿಯ ತಂತಿ ಹಿಡಿದು ಹೊರಟ. ಮುಳ್ಳು ಅಂಗೈ ಸೀಳುತ್ತಿದ್ದರೂ ಬಿಡಲಿಲ್ಲ, ಬಿಟ್ಟರೆ ದಿಕ್ಕು ತಪ್ಪುತ್ತದೆ. ಬೇಲಿ ಮುಗಿಯಿತು. ಅಲ್ಲಿಂದಾಚೆ ಹಿಡಿಯಲು ಏನೂ ಇಲ್ಲ. "ಆಶ್ಲಿ" ಎಂದು ಬಾಯಿ ತೆರೆದರೆ ಬಾಯಿ ತುಂಬ ಮಣ್ಣು. ಕೂಗು ತನ್ನ ಕಿವಿಗೇ ಕೇಳಿಸದು. ಅವನು ಮೊಣಕಾಲೂರಿದ. ಪ್ರಾರ್ಥನೆಯ ಮಾತೊಂದೂ ನೆನಪಿಗೆ ಬರಲಿಲ್ಲ. "ಸಾಯ್ಬಾ, ಸಾಯ್ಬಾ" ಎಂದಷ್ಟೇ ದೇವರನ್ನು ಕರೆದ. ನನ್ನನ್ನು ತೆಗೆದುಕೋ, ಅವಳನ್ನು ಬಿಡು ಎಂದ. ಬೆಟ್ಟಿಗೆ ಏನೆಂದು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮುಂದೆ ಹೋದರೆ ತಾನೂ ಹೋದಂತೆ, ಹಿಂದೆ ಹೋದರೆ ಮಗಳನ್ನು ಬಿಟ್ಟಂತೆ. ಹಾಗೆಯೇ ಎಷ್ಟು ಹೊತ್ತು ಇದ್ದನೋ. ಕೊನೆಗೆ, ಒಬ್ಬನಿಂದ ಆಗದು, ಜನ ಬೇಕು ಎಂದುಕೊಂಡು ತಂತಿ ತಡವುತ್ತಾ ವಾಪಸು ಬಂದ.

ಬಂದು ನೋಡಿದರೆ ಮ್ಯಾನೇಜರ್ ಅತಿಥಿಗಳನ್ನು ಬಸ್ಸಿಗೆ ಹತ್ತಿಸುತ್ತಿದ್ದ.

"ಸರ್, ನನ್ನ ಮಗಳು ಬಂದಿಲ್ಲ."

"ಪೊಲೀಸರಿಗೆ ಫೋನ್ ಮಾಡಿದ್ದೇನೆ, ಬರುತ್ತಾರೆ. ಇವರನ್ನು ಮೊದಲು ಊರಿಗೆ ಮುಟ್ಟಿಸಬೇಕು. ನೀನು ಇಲ್ಲೇ ಇರು."

ರೋಕ್ ಬಸ್ಸಿನ ಮುಂದೆ ಹೋಗಿ ಎರಡೂ ಕೈ ಗಾಜಿಗೆ ಊರಿ ನಿಂತ. ಅಂಗೈಯ ರಕ್ತ ಗಾಜಿಗೆ ಅಂಟಿತು. ಡ್ರೈವರ್ ಸುರತ್ಕಲ್ಲಿನ ಯಶೋಧರ, ಸದಾ ಗೊಣಗುವ ಮನುಷ್ಯ, ರೋಕ್ ಜೊತೆ ಊಟದ ವಿಷಯಕ್ಕೆ ಎಷ್ಟೋ ಸಲ ಜಗಳವಾಡಿದ್ದವನು. ಅವನು ಎಂಜಿನ್ ಚಾಲೂ ಮಾಡಿದ. ಬಸ್ಸು ಕದಲಲಿಲ್ಲ.

"ಏನು ನೋಡುತ್ತಿದ್ದೀಯ? ಹೋಗು," ಎಂದು ಮ್ಯಾನೇಜರ್ ಹಿಂದಿಯಲ್ಲಿ ಗದರಿದಾಗ ಯಶೋಧರ ಕಿಟಕಿಯಿಂದ ತಲೆ ಹಾಕಿ ರೋಕ್‌ನನ್ನೇ ಕೇಳಿದ:

"ಯಾವ ಕಡೆ ಹೋದದ್ದು ಅವರು?"

"ಮರದ ಸಾಲಿನಿಂದಾಚೆ."

"ಹಾಗಾದ್ರೆ ಸರಿ ಮಾರಾಯಾ, ಎದುರಿಂದ ನೀನು ಬದಿಗೆ ಬಾ. ಹುಡುಗಿ ಬಾರದೆ ಇದು ಎಲ್ಲಿಗೂ ಹೋಗುದಿಲ್ಲ."

ಬಸ್ಸನ್ನು ಮರಗಳ ಕಡೆಗೆ ತಿರುಗಿಸಿ ನಿಲ್ಲಿಸಿ, ದೀಪಗಳನ್ನೆಲ್ಲ ಹೊತ್ತಿಸಿ, ಯಶೋಧರ ಹಾರ್ನಿನ ಮೇಲೆ ಕೈಯಿಟ್ಟ. ಎತ್ತಲೇ ಇಲ್ಲ. ಒಳಗಿನ ಅತಿಥಿಗಳು ಬೈದರು, ಮ್ಯಾನೇಜರ್ ಬಾಗಿಲು ಬಡಿದ. ಹಾರ್ನು ಒಂದೇ ಸಮನೆ ಅರಚುತ್ತಲೇ ಇತ್ತು. ರೋಕ್ ಬಸ್ಸಿನ ಪಕ್ಕದಲ್ಲಿ ನಿಂತು ಆ ಕೆಂಪು ಕತ್ತಲೆಯನ್ನೇ ನೋಡಿದ. ಪ್ರತಿ ಸಲವೂ ಏನೋ ಅಲುಗಿದಂತೆ ಕಾಣುವುದು, ಓಡಿ ಹೋದರೆ ಬರೀ ಗಾಳಿ. ಆಸೆ ಬತ್ತುತ್ತಾ ಬಂತು. ನಾಳೆ ಹುಡುಕಲು ಹೋಗುವವರ ಕೈಗೆ ಏನು ಸಿಗಬಹುದು ಎಂದು ಮನಸ್ಸು ತಾನಾಗಿಯೇ ಚಿತ್ರ ಬರೆಯತೊಡಗಿದಾಗ, ಅವನು ಹಣೆಯನ್ನು ಬಸ್ಸಿನ ತಗಡಿಗೆ ಬಡಿದುಕೊಂಡ.

ಸೂರ್ಯ ಮುಳುಗುವ ಹೊತ್ತಿಗೆ ಅವರು ಬಂದರು. ನಿಯಾಝ್ ಅವಳನ್ನು ಬೆನ್ನ ಮೇಲೆ ಹೊತ್ತಿದ್ದ. ಅವನ ಮೈಮೇಲೆ ಅಂಗಿಯಿರಲಿಲ್ಲ, ಅದು ಆಶ್ಲಿಯ ಮುಖಕ್ಕೆ ಸುತ್ತಿಕೊಂಡಿತ್ತು. ಬೆದರಿದ ಕುದುರೆ ಅವಳನ್ನು ಬೀಳಿಸಿದಾಗ ಅವನು ತನ್ನ ಕುದುರೆಯಿಂದ ಹಾರಿ ಅವಳನ್ನು ಹಿಡಿದನಂತೆ, ಅದೂ ಓಡಿಹೋಯಿತಂತೆ. ಅವಳನ್ನು ಕವುಚಿ ಮಲಗಿಸಿ, ಮೇಲೆ ತಾನು ಬಾಗಿ ಕುಳಿತೇ ಇದ್ದನಂತೆ, ಹಾರ್ನು ಕೇಳುವವರೆಗೆ. ಇದನ್ನೆಲ್ಲ ಆಶ್ಲಿ ಆಮೇಲೆ ಹೇಳಿದ್ದು. ಆಗ ಅವಳು ಅಪ್ಪನ ಕುತ್ತಿಗೆ ಹಿಡಿದು ನಡುಗುತ್ತಿದ್ದಳು. ನಿಯಾಝ್ ಬಸ್ಸಿನ ಚಕ್ರಕ್ಕೆ ಒರಗಿ ಕುಳಿತ. ಕೆಮ್ಮಿದ. ಉಗುಳಿದ ಮಣ್ಣಿನಲ್ಲಿ ರಕ್ತವಿತ್ತು.

"ಕುದುರೆ ಬಂತಾ ರೋಕಣ್ಣ?" ಎಂದು ಅವನು ಕೇಳಿದ.

ಅವನ ಕುದುರೆ ಬಂದಿರಲಿಲ್ಲ. ಲಾಯದ ಒಡೆಯರ ಅಚ್ಚುಮೆಚ್ಚಿನ ಕಂದು ಹೆಣ್ಣುಕುದುರೆ ಅದು. ಧೂಳಿನಲ್ಲಿ ದಾರಿಗೆ ಬಿದ್ದು ಟ್ಯಾಂಕರಿಗೆ ಸಿಕ್ಕಿ ಸತ್ತಿತ್ತು.

ನಿಯಾಝ್ ಆಸ್ಪತ್ರೆಯಲ್ಲಿದ್ದಾಗಲೇ ಲಾಯದ ಒಡೆಯರಿಂದ ಅವನ ಮೇಲೆ ದೂರು ಹೋಯಿತು. ಎಚ್ಚರಿಕೆ ಕೊಟ್ಟರೂ ಕೇಳದೆ ಅತಿಥಿಗಳನ್ನು ಹೊರಗೆ ಕರೆದೊಯ್ದ, ಕುದುರೆಯನ್ನು ಬಿಟ್ಟುಬಿಟ್ಟ ಎಂದು. ಹೇಳಿಕೊಟ್ಟವನು ಮ್ಯಾನೇಜರ್. ರೋಕ್‌ಗೆ ವಿಷಯ ತಿಳಿದದ್ದು ಅವನ ಬಾಯಿಂದಲೇ. "ಠಾಣೆಯಲ್ಲಿ ಕೇಳಿದರೆ ನೀನು ಅಡಿಗೆ ಮಾಡುತ್ತಿದ್ದೆ, ಏನೂ ಕೇಳಿಸಲಿಲ್ಲ. ತಿಳಿಯಿತಾ? ನೀನು ಈ ದೇಶದಲ್ಲಿರುವ ಪರವಾನಗಿ, ನಿನ್ನ ಇಕಾಮಾ, ನಮ್ಮ ಕೈಯಲ್ಲಿದೆ."

ಆ ಸಂಜೆ ರೋಕ್ ಬೆಟ್ಟಿಗೆ ಎಲ್ಲ ಹೇಳಿದ. ಬೆಟ್ಟಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು.

"ನಿನ್ನ ಕೆಲಸವೂ ಹೋದ್ರೆ ಮೂರು ಜನವೂ ಊರಿಗೇ ಹೋಗುವ," ಎಂದಳು. "ಆ ಹುಡುಗ ಇಲ್ಲದಿದ್ರೆ ನಾವು ಇಬ್ಬರೇ ಹೋಗ್ಬೇಕಿತ್ತು."

ರೋಕ್ ಠಾಣೆಗೆ ಹೋದ. ಒಲೆಯ ಮುಂದೆ ಕಲಿತ ಅರಬಿಯಲ್ಲಿ, ನಿಯಾಝ್ ಬೇಡವೆಂದದ್ದನ್ನೂ ಮ್ಯಾನೇಜರ್ ಖಲಾಸ್ ಎಂದದ್ದನ್ನೂ ಹೇಳಿದ. ತಡವರಿಸಿದಲ್ಲೆಲ್ಲ ಮತ್ತೆ ಮೊದಲಿಂದ ಹೇಳಿದ. ಮೇಜಿನ ಹಿಂದಿದ್ದವನು ಮುಗಿಯುವ ತನಕ ಕೇಳಿ, ಏನೂ ಬರೆದುಕೊಳ್ಳದೆ ತಲೆಯಾಡಿಸಿದ. ಮಾರನೆಯ ದಿನ ಮತ್ತೆ ಹೋದ. ಅದರ ಮಾರನೆಯ ದಿನವೂ ಹೋದ. ಮೂರನೇ ಸಲ ಒಳಗೇ ಬಿಡಲಿಲ್ಲ. ನಿಯಾಝ್‌ನನ್ನು ಆಸ್ಪತ್ರೆಯಿಂದ ಠಾಣೆಗೆ, ಅಲ್ಲಿಂದ ಬೆರಳಚ್ಚು ತೆಗೆಸಿ ವಿಮಾನಕ್ಕೆ ಹತ್ತಿಸಿದರು. ನೋಡಲೂ ಸಿಗಲಿಲ್ಲ. ರೋಕ್ ಹದಿನೈದು ವರ್ಷ ನಿಂತ ಒಲೆಯ ಮುಂದೆ ಬೇರೆಯವನು ಬಂದ. ಊರಿಗೆ ಕಳಿಸದೆ, ಬೇರೆ ಕಡೆ ಕೆಲಸಕ್ಕೆ ಸೇರಲು ಬಿಡುಗಡೆ ಕೊಟ್ಟರು, ಅದೇ ದೊಡ್ಡದೆಂದು ಎಲ್ಲರೂ ಹೇಳಿದರು. ಅರ್ದಿಯಾದಲ್ಲಿ ಕಾರ್ಮಿಕರ ಶಿಬಿರಗಳಿಗೆ ಅನ್ನ ಬೇಯಿಸುವ ದೊಡ್ಡ ಅಡಿಗೆಮನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ರುಚಿಯ ಮಾತಿಲ್ಲ. ಹಂಡೆ, ಸಲಿಕೆಯಂಥ ಸೌಟು, ಅನ್ನ, ಬೇಳೆ.

ಬೆಟ್ಟಿ ಊರಿಂದ ಫೋನ್ ಮಾಡಿದಾಗಲೆಲ್ಲ ಆಶ್ಲಿ ಚೆನ್ನಾಗಿದ್ದಾಳೆ ಎನ್ನುತ್ತಿದ್ದಳು. ಗಾಳಿ ಜೋರಾದ ದಿನ ಮಾತ್ರ ಅಡಿಗೆಮನೆಯ ಮೂಲೆ ಬಿಟ್ಟು ಕದಲುವುದಿಲ್ಲವಂತೆ.

ಎರಡು ವರ್ಷದ ಮೇಲೆ ರಜೆ ಸಿಕ್ಕಿತು. ರೋಕ್ ಮಗಳನ್ನು ಕರೆದುಕೊಂಡು ಬಸ್ಸು ಬದಲಿಸಿ ಉಪ್ಪಿನಂಗಡಿಗೆ ಹೋದ. ನಿಯಾಝ್‌ನ ಮನೆಯಲ್ಲಿ ಅವನ ಹೆಂಡತಿ ಝುಹ್ರಾ ಚಹಾ, ಅಕ್ಕಿಯ ಬಿಸಿ ಪತ್ತಿರ್ ರೊಟ್ಟಿ ತಂದಿಟ್ಟಳು. ನಿಯಾಝ್ ಇನ್ನೂ ತೆಳ್ಳಗಾಗಿದ್ದ. ಉಸಿರೆಳೆದರೆ ಎದೆಯೊಳಗೆ ಸೀಟಿ ಊದಿದಂತೆ ಕೇಳುತ್ತಿತ್ತು. ಮರದ ಡಿಪೋದಲ್ಲಿ ಕೆಲಸಕ್ಕೆ ಹೋಗಿದ್ದನಂತೆ, ಗರಗಸದ ಹುಡಿ ಆಗಿಬರಲಿಲ್ಲವಂತೆ. ಆಶ್ಲಿಯ ಕಣ್ಣು ತುಂಬಿದ್ದನ್ನು ಕಂಡು ಅವನೇ ಮಾತು ತೆಗೆದ.

"ದೊಡ್ಡವಳಾಗಿದ್ದಿ. ಕುದುರೆ ಹತ್ತಿದ್ದಿಯಾ ಮತ್ತೆ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಹೊರಡುವಾಗ ನಿಯಾಝ್ ಗೇಟಿನವರೆಗೆ ಬಂದ. "ರೋಕಣ್ಣ, ಕುವೈತಿಗೆ ಇನ್ನು ಬರ್ಲಿಕ್ಕಾಗುದಿಲ್ಲ, ಬೆರಳಚ್ಚು ತೆಗೆದಿದ್ದಾರೆ," ಎಂದ ಮೆಲ್ಲಗೆ. "ಕತಾರಿಗೋ ಮಸ್ಕತ್ತಿಗೋ ಎಲ್ಲಿಯಾದ್ರೂ ಒಂದು ವೀಸಾ ಆಗ್ಬಹುದಾ ನೋಡ್ತೀರಾ? ಕುದುರೆ ಕೆಲಸವೇ ಆಗ್ಬೇಕಂತ ಇಲ್ಲ. ಯಾವುದಾದ್ರೂ ಆಯ್ತು. ಝುಹ್ರಾ ಈಗ ಐದು ತಿಂಗಳ ಬಸುರಿ."

ಎದೆಯ ಆ ಸೀಟಿ ಹೊತ್ತುಕೊಂಡು ಅವನು ಯಾವ ವೈದ್ಯರ ಪರೀಕ್ಷೆಯನ್ನೂ ದಾಟಲಾರ ಎಂಬುದು ರೋಕ್‌ಗೆ ಗೊತ್ತಿತ್ತು. ಬಹುಶಃ ನಿಯಾಝ್‌ಗೂ ಗೊತ್ತಿತ್ತು.

"ನೋಡ್ತೇನೆ," ಎಂದ ರೋಕ್.

ಬಸ್ಸಿನಲ್ಲಿ ಆಶ್ಲಿ ಅಪ್ಪನ ಕಡೆಗೆ ತಿರುಗಿ ಕೊಂಕಣಿಯಲ್ಲಿ ಕೇಳಿದಳು, "ಪಪ್ಪಾ, ನಿಜವಾಗಿ ನೋಡ್ತಿಯಾ?"

ರೋಕ್ ಅವಳ ಕೈ ಹಿಡಿದುಕೊಂಡ. ಬಸ್ಸು ಸೇತುವೆ ದಾಟಿತು.