ಅಡ್ಡಗೇಟಿನ ಆಚೆ ಓಡಿದ ಕಾರು

ಮೊನ್ನೆ ನನ್ನ ಮೋಟಾರು ರಿಪೇರಿ ಅಂಗಡಿಯ ಬೇರಿಂಗ್ ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದಾಗ ಉಗುರಿನಷ್ಟು ಸಣ್ಣ ಉಕ್ಕಿನ ಗೇರೊಂದು ಸಿಕ್ಕಿತು. ಪಿನಿಯನ್. ಹಲ್ಲುಗಳ ಸಂದಿಯಲ್ಲಿ ಎಣ್ಣೆಜಿಡ್ಡು, ಜಿಡ್ಡಿಗೆ ಅಂಟಿದ ಒಂದೆಳೆ ಹತ್ತಿ. ಮೂಗಿನ ಹತ್ತಿರ ಹಿಡಿದೆ. ಹತ್ತಿ ಮಿಲ್ಲಿನ ಅಂಗಳದ ವಾಸನೆ ಬಂದಂತಾಯಿತು... ಡಬ್ಬಿ ಮುಚ್ಚಿದೆ.

ಆ ಗೇರಿನ ಕಾರು ಓಡಿಸಿದವರು ನಮ್ಮ ಓಣಿಯವರು. ಎಲ್ಲರಿಗೂ ಡ್ರೈವರಣ್ಣ. ಲಾರಿಯ ಮೇಲೆ ಹೈದರಾಬಾದು, ಸೊಲ್ಲಾಪುರ ಎಂದು ಬದುಕು ಸವೆಸಿದವರು. ಸೈದಾಪುರದ ಕಡೆ ಒಮ್ಮೆ ಲೋಡ್ ಹಾಕಿಕೊಂಡು ಹೋಗುವಾಗ ಹೊಲದ ದಾರಿಯಿಂದ ಟ್ರ್ಯಾಕ್ಟರೊಂದು ಸಟಕ್ಕನೆ ಅಡ್ಡ ಬಂತು. ತಪ್ಪಿಸಲು ಸ್ಟಿಯರಿಂಗ್ ಎಳೆದರು, ಲಾರಿ ಪಲ್ಟಿಯಾಯಿತು. ಟ್ರ್ಯಾಕ್ಟರಿನ ಮೇಲಿದ್ದ ಕೂಲಿ ಹೆಣ್ಣುಮಕ್ಕಳು ಉಳಿದರು. ಡ್ರೈವರಣ್ಣನ ಸೊಂಟದ ಕೆಳಗೆ ಜೀವ ಉಳಿಯಲಿಲ್ಲ. ಆಮೇಲೆ ಒಂದು ವರ್ಷ ಅವರು ಮನೆಯ ಹೊಸ್ತಿಲು ದಾಟಿದ್ದನ್ನು ನಾನು ಕಾಣೆ. ನೋಡಲು ಬಂದವರಿಗೆ, "ಗಾಡಿ ಗ್ಯಾರೇಜಿಗೆ ಬಿಟ್ಟೀನ್ರಿ" ಎನ್ನುತ್ತಿದ್ದರು. ನಗುತ್ತಿರಲಿಲ್ಲ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆಯಿಲ್ಲ. ಶಹಾಪುರದ ಸುತ್ತ ಕಾಲುವೆ ದಂಡೆಯ ಮೇಲೆ ನಾನು ವೈಂಡಿಂಗ್ ಮಾಡಿದ ಪಂಪು ನೀರೆತ್ತದ ಊರು ತೋರಿಸಿರಿ ನೋಡೋಣ. ಅದು ಗೊತ್ತಿದ್ದೇ ವೈನಿ ಒಂದು ದಿನ ನನ್ನನ್ನು ಮನೆಗೆ ಕರೆದರು. ಡ್ರೈವರಣ್ಣನ ಹೆಂಡತಿಯನ್ನು ನಾನು ವೈನಿ ಎಂದೇ ಕರೆಯುವುದು. ಅವರ ತಮ್ಮ ಹೈದರಾಬಾದಿನಿಂದ ಯಾರೋ ಆಡಿ ಬಿಟ್ಟ ರಿಮೋಟ್ ಕಾರು ತಂದುಕೊಟ್ಟಿದ್ದ. ಅಂಗಡಿಯಲ್ಲಿ ಸಿಗುವ ಮಕ್ಕಳ ಆಟಿಕೆಯಲ್ಲ. ಡಾಂಬರು, ಸಿಮೆಂಟಿನ ಮೇಲೆ ನೆಲ ಕಚ್ಚಿ ಓಡುವಂಥದ್ದು. ಚಾಸಿ, ಗಾಲಿ, ರಿಮೋಟು ಇದ್ದವು. ಮೋಟಾರಿಲ್ಲ, ಕಂಟ್ರೋಲರಿಲ್ಲ, ಬ್ಯಾಟರಿಯಿಲ್ಲ.

"ತಮ್ಮಾ, ಇದ್ಕ ಜೀವ ಹಾಕು," ಅಂದರು ಡ್ರೈವರಣ್ಣ. ವರ್ಷದಿಂದ ಕೇಳದ ಹುರುಪಿನ ಧ್ವನಿ ಅದು.

ಮೊದಲು ತರಿಸಿದ್ದು ತಪ್ಪು ಸಾಮಾನು. ಎಲ್ಲಕ್ಕಿಂತ ಹೆಚ್ಚು ಸುತ್ತು ತಿರುಗುವ ಮೋಟಾರೇ ಬೇಕೆಂದು ಅವರು ಹಟ ಹಿಡಿದರು. ಕರೆಂಟು ತಡೆದು ಹಂಚುವ ಸ್ಪೀಡ್ ಕಂಟ್ರೋಲರ್ ಮಾತ್ರ ಸಣ್ಣದು. ಮೇಲೆ ಮೋಟಾರಿನ ಮೂತಿಗೆ ಅತಿ ದೊಡ್ಡ ಪಿನಿಯನ್. ಪಿನಿಯನ್ನಿನ ಹಲ್ಲು ಹೆಚ್ಚಿದಷ್ಟು ಕಾರಿನ ಓಟ ಹೆಚ್ಚು, ಹೌದು. ಮೋಟಾರಿಗೆ ಭಾರವೂ ಹೆಚ್ಚು. ಅವರು ಹೊಸ್ತಿಲ ಒಳಗಿಂದಲೇ ಓಣಿಯಲ್ಲಿ ಬಿಟ್ಟದ್ದೇ ತಡ, ಕಂಟ್ರೋಲರಿನಿಂದ ಹೊಗೆ.

"ತಮ್ಮಾ, ಊದಿನಕಡ್ಡಿ ಹಚ್ಚೀದೇನು?"

"ಟಾಪ್ ಗೇರಿನ್ಯಾಗ ಲೋಡ್ ಎತ್ತಿಸಿದ್ರಿ ಅಣ್ಣಾ. ನಿಮ್ಮ ಲಾರಿಗಿ ಆರು ಗೇರು. ಇದ್ಕ ಇರೋದ ಒಂದು. ಅದರಾಗ ಏಳಬೇಕು, ಅದರಾಗ ಓಡಬೇಕು."

"ಮೊದಲ ಬೊಗಳಬಾರದೇನು?"

"ಹೇಳಿದ್ರ ಕೇಳೋ ಮಂದಿ ಅದಿರೇನ್ರಿ ನೀವು?"

ಒಳಗಿನಿಂದ ವೈನಿ ನಕ್ಕದ್ದು ಕೇಳಿಸಿತು.

ಎರಡನೇ ಸಲ ನನ್ನ ಮಾತು ನಡೆಯಿತು. ಸುತ್ತು ಸ್ವಲ್ಪ ಕಡಿಮೆಯ ಮೋಟಾರು, ಅದು ಎಳೆಯುವುದಕ್ಕಿಂತ ಹೆಚ್ಚು ಕರೆಂಟು ತಾಳುವ ಕಂಟ್ರೋಲರು, ಅಷ್ಟನ್ನು ಒಮ್ಮೆಲೇ ಕೊಡಬಲ್ಲ ಬ್ಯಾಟರಿ. ಪಿನಿಯನ್ ಸಣ್ಣದರಿಂದ ಶುರು. ಸ್ವಲ್ಪ ಓಡಿಸುವುದು, ಮೋಟಾರಿನ ಮೇಲೆ ಹಿಂಗೈ ಇಡುವುದು. ಕೈ ತಾಳಿದರೆ ಇನ್ನೊಂದು ಹಲ್ಲು ಹೆಚ್ಚಿನದು ಹಾಕುವುದು, ಸುಟ್ಟರೆ ಹಿಂದಕ್ಕೆ ಬರುವುದು. ಪಂಪಿನ ಮೋಟಾರಿಗೂ ನಾನು ಹಾಗೆಯೇ ಕೈಯಿಟ್ಟು ನೋಡುವವನು.

ಓಡಿಸಲು ಜಾಗ ಬೇಕಲ್ಲ. ಸುರಪುರ ರಸ್ತೆಯ ಹತ್ತಿ ಮಿಲ್ಲಿನ ಮೋಟಾರುಗಳು ನನ್ನ ಕೈಯಲ್ಲೇ ರಿಪೇರಿಯಾಗುತ್ತಿದ್ದವು, ಅಂಗಳ ಕೇಳಿದರೆ ಮಿಲ್ಲಿನವರು ಇಲ್ಲ ಅನ್ನಲಿಲ್ಲ. ಸುಗ್ಗಿ ಮುಗಿದ ಮೇಲೆ ಅದು ಖಾಲಿ. ಬೆಳಿಗ್ಗೆ ಸಿಮೆಂಟು ಕಾಯುವ ಮುಂಚೆ ಡ್ರೈವರಣ್ಣನನ್ನು ಗಾಲಿಕುರ್ಚಿ ಸಮೇತ ನನ್ನ ಮೂರು ಗಾಲಿಯ ಟಂಟಂನಲ್ಲಿ ಹತ್ತಿಸಿಕೊಂಡು ಹೋಗುತ್ತಿದ್ದೆ. ಹೊಸ್ತಿಲು ದಾಟಿಸಿದ ಮೊದಲ ದಿನ ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ದಿನವೂ ಒಂದೇ ಮಾತು: "ಓಟ ಸಾಲವಲ್ದು. ಇನ್ನೊಂದು ಹಲ್ಲು ಹಾಕು." ಹಾಕಿದೆ. ಮತ್ತೆ ಹಾಕಿದೆ. ಗೇರಿಗೆ ಸುತ್ತಿಕೊಂಡ ಹತ್ತಿ ಬಿಡಿಸುವಾಗ ಪ್ರತಿಸಲ ಹಿಂಗೈ ಇಡುತ್ತಿದ್ದೆ. ಮೋಟಾರು ತಣ್ಣಗೇ ಇರುತ್ತಿತ್ತು. ಅಷ್ಟು ಹಲ್ಲಿಗೆ, ಆ ಬೇಸಿಗೆಗೆ, ಅದು ಬಿಸಿಯಾಗಲೇಬೇಕು. ಆಮೇಲೆ ಕಾರು ನೋಡುವುದನ್ನು ಬಿಟ್ಟು ರಿಮೋಟಿನ ಮೇಲಿನ ಅವರ ಬೆರಳು ನೋಡತೊಡಗಿದೆ. ಅಂಗಳದ ನಡುವೆ ಬಲಕ್ಕೊಂದು ಅಡ್ಡಗೇಟು ಇತ್ತು, ಹತ್ತಿ ಟ್ರ್ಯಾಕ್ಟರುಗಳು ಒಳಬರುವ ಗೇಟು. ಕಾರು ಅದರ ಹತ್ತಿರ ಹೋದದ್ದೇ ಅವರ ಬೆರಳು ಸಡಿಲಾಗುತ್ತಿತ್ತು. ಪ್ರತಿಸಲ.

"ಅಣ್ಣಾ, ಹಲ್ಲು ಕಡಿಮಿ ಇಲ್ರಿ. ಬೆರಳು ಕಡಿಮಿ ಬೀಳಾಕತ್ತದ," ಎಂದೆ. "ಗೇಟಿಗಿ ಕೀಲಿ ಜಡಿದಾರ. ಯಾರೂ ಬರಂಗಿಲ್ರಿ."

ಅವರು ರಿಮೋಟನ್ನು ತೊಡೆಯ ಮೇಲಿಟ್ಟರು. "ಅವತ್ತೂ ಯಾರೂ ಬರಂಗಿಲ್ಲ ಅಂತನ ಹೊಂಟಿದ್ದೆ ತಮ್ಮಾ."

ನಾನು ಹೋಗಿ ಕಾರು ಎತ್ತಿಕೊಂಡು ಬಂದೆ.

ಕೆಲವು ದಿನ ಅವರು ಅಂಗಳದ ಸುದ್ದಿ ಎತ್ತಲಿಲ್ಲ. ಕೂತು ಕೂತು, ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣಾಗಿತ್ತು, ಜ್ವರ ಬಂದು ಹೋಗುತ್ತಿತ್ತು. ಒಂದು ಬೆಳಿಗ್ಗೆ ತಾವೇ ಹೇಳಿಕಳಿಸಿದರು. ಅಂಗಳಕ್ಕೆ ಹೋದ ಮೇಲೆ ರಿಮೋಟು ಹಿಡಿದು, "ನೀ ಹೋಗಿ ಆ ಗೇಟಿನ ಬಾಯಾಗ ನಿಂದ್ರು," ಅಂದರು. "ಕ್ಲೀನರ್ ಇಲ್ಲದ ನನಗ ಗಾಡಿ ಹೊಡದು ರೂಢಿಲ್ಲ."

ಹೋಗಿ ನಿಂತೆ. ಕೀಲಿ ಜಡಿದ ಗೇಟಿನ ಸಂದಿಯಲ್ಲಿ ಹೊರಗಿನ ದಾರಿಯನ್ನು ನಿಜವಾಗಿಯೂ ನೋಡಿದೆ, ಆ ಕಡೆ, ಈ ಕಡೆ. ಬಾಗಿಲಿಗೆ ನೇತುಬಿದ್ದ ಕ್ಲೀನರನ ಹಾಗೆ ಕೈಬೀಸಿ ಕೂಗಿದೆ: "ರೈಟ್! ರೈಟ್! ಹೋಗ್ಲಿ, ಹೋಗ್ಲಿ!"

ಕಾರು ನನ್ನ ಕಾಲ ಮುಂದೆ ಹಾದುಹೋದದ್ದು ಕಾಣಲಿಲ್ಲ, ಕೇಳಿಸಿತು. ಆಚೆ ಗೋಡೆಯ ಹತ್ತಿರ ಗಕ್ಕನೆ ತಿರುಗಿಸಿ ಮತ್ತೆ ಬಿಟ್ಟರು. ಮತ್ತೆ. ಮತ್ತೆ. ನಾನು ಗಂಟಲು ಹರಿಯುವ ತನಕ ಕೂಗಿದೆ. ಕೊನೆಗೆ ಕಾರು ತಂದು ಅವರ ತೊಡೆಯ ಮೇಲಿಟ್ಟೆ. ಮೋಟಾರು ಮುಟ್ಟಿದವರೇ ಹಾಯ್ ಎಂದು ಬೆರಳು ಬಾಯಿಗಿಟ್ಟುಕೊಂಡರು.

"ಸುಡ್ತದಲೇ ತಮ್ಮಾ!"

ಅತ್ತರೋ ನಕ್ಕರೋ... ನನಗೆ ಇವತ್ತಿಗೂ ಗೊತ್ತಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಹುಣ್ಣಿನ ನಂಜು ರಕ್ತಕ್ಕೆ ಏರಿತು. ಕಲಬುರಗಿ ಆಸ್ಪತ್ರೆಗೆ ಒಯ್ಯಲು ಗಾಡಿ ಬಂತು. ನಮ್ಮ ಓಣಿ ಇಕ್ಕಟ್ಟು, ಹಿಂದಕ್ಕೇ ತೆಗೆಯಬೇಕು. ಒಳಗೆ ಮಲಗಿದ್ದವರು ಕಣ್ಣು ತೆರೆದು, "ತಮ್ಮಾ, ಹಿಂದ ನೋಡು," ಅಂದರು. ಓಡಿಹೋಗಿ ಓಣಿಯ ಬಾಯಲ್ಲಿ ನಿಂತು ಬೈಕುಗಳನ್ನು ತಡೆದೆ. ಗಾಡಿ ರಸ್ತೆಗೆ ಬಂದ ಮೇಲೆ ಅದರ ಮೈಮೇಲೆ ಅಂಗೈ ಬಡಿದು "ರೈಟ್!" ಎಂದೆ.

ನಾನೇ ದಾರಿ ಬಿಡಿಸಿ ಕಳಿಸಿದೆ. ಅವರು ತಿರುಗಿ ಬರಲಿಲ್ಲ.

ಡ್ರೈವರಣ್ಣನ ದಿನಕರ್ಮ ಮುಗಿಸಿದ ಮೇಲೆ ವೈನಿ ಕಾರನ್ನು ಟವೆಲಿನಲ್ಲಿ ಸುತ್ತಿ ತಂದು ಅಂಗಡಿಯಲ್ಲಿಟ್ಟು ಹೋದರು. ಮೊನ್ನೆ ಆ ಪಿನಿಯನ್ ಸಿಕ್ಕ ಮೇಲೆ ಕಾರನ್ನು ಹಲಗೆಯಿಂದ ಇಳಿಸಿದೆ. ಬ್ಯಾಟರಿ ಊದಿಕೊಂಡಿದೆ, ಇನ್ನು ಅದು ಕೆಲಸಕ್ಕೆ ಬರುವುದಿಲ್ಲ. ಹೊಸದು ಹಾಕಬಹುದು. ಯಾರಿಗೆ ಹಾಕಲಿ?

ರೂಢಿಯಂತೆ ಹಿಂಗೈ ಮೋಟಾರಿನ ಮೇಲೆ ಹೋಯಿತು. ತಣ್ಣಗಿತ್ತು. ಆದರೂ ಸ್ವಲ್ಪ ಹೊತ್ತು ತೆಗೆಯಲಿಲ್ಲ.