ಪದಗಳನ್ನು ದಾಟಿಸುವ ಗಂಗಲಕ್ಷ್ಮಿ

ಮಧುಗಿರಿ ಬೆಟ್ಟದ ನೆರಳು ಇನ್ನೂ ಬೀದಿಯಿಂದ ಎದ್ದಿಲ್ಲ. ಅರ್ಧ ಎತ್ತಿದ ಷಟರಿನ ಒಳಗೆ ಗಂಗಲಕ್ಷ್ಮಿ ಎರಡು ಲ್ಯಾಪ್‌ಟಾಪ್‌ಗಳನ್ನು ಅಕ್ಕಪಕ್ಕ ಕೂರಿಸಿಕೊಂಡಿದ್ದಾರೆ. ಹಳೆಯದರ ಪರದೆ ಹಿಂದಕ್ಕೆ ವಾಲುತ್ತದೆ, ಅದರ ಬೆನ್ನಿಗೆ ಒಂದು ಇಟ್ಟಿಗೆ ಆಸರೆ. ನಡುವೆ ಅಂಗೈಯಗಲದ ಹಾರ್ಡ್‌ಡಿಸ್ಕ್ ಮಿಣಮಿಣ ಎನ್ನುತ್ತಿದೆ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ, ಕನಸಿನಲ್ಲಿ ಯಾರೋ ನಡೆದು ಹೋದಂತೆ, ಸದ್ದಿಲ್ಲದೆ ಸಾಗುತ್ತದೆ.

“ಬಿಸ್ಲಾದ್ರೆ ಹಳೇವು ಕಾದ್ಬುಟ್ಟು ನಿಂತೋಯ್ತವೆ. ತಂಪೊತ್ನಾಗೆ ಆದ್ರೆ ಹೇಳ್ದಂಗೆ ಕೇಳ್ತವೆ,” ಎನ್ನುತ್ತಾರೆ ಅವರು, ಮಲಗಿದ ಮಗುವಿನ ಪಕ್ಕ ಮಾತಾಡುವಷ್ಟೇ ದನಿಯಲ್ಲಿ.

ಹಳೆಯ ಯಂತ್ರದಲ್ಲಿರುವುದನ್ನು ಹೊಸದಕ್ಕೆ ದಾಟಿಸುವುದೇ ಅವರ ಕೆಲಸ. ಜಮೀನಿನ ನಕಾಶೆ, ನಾಮಕರಣದ ಫೋಟೊ, ಸೊಸೈಟಿಯ ಲೆಕ್ಕ, ತೀರಿಹೋದವರ ನಗು, ಎಲ್ಲವೂ ಇದೇ ಮೇಜಿನ ಮೇಲೆ ಮನೆ ಬದಲಿಸುತ್ತವೆ. ಸಿರಾ ತಾಲ್ಲೂಕಿನ ಹುಲಿಕುಂಟೆಯಲ್ಲಿ ದನಕರುಗಳ ನಡುವೆ ಬೆಳೆದ ಹೆಣ್ಣುಮಗಳು. ಪಿಯುಸಿ ಮುಗಿದ ಮೇಲೆ ಸಿರಾದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದರು. ಜನ ಫೋನಿನಲ್ಲೇ ಕರೆಯೋಲೆ ಕಳಿಸಲು ಶುರುಮಾಡಿದಾಗ ಆ ಅಂಗಡಿ ಮುಚ್ಚಿತು. ಮದುವೆಯಾಗಿ ಮಧುಗಿರಿಗೆ ಬಂದವರಿಗೆ ಈ ಕೆಲಸ ಸಿಕ್ಕಿತು. ದಿನಕ್ಕೆ ಎರಡೋ ಮೂರೋ ಯಂತ್ರ. ಕತ್ತು ನೋಯುತ್ತದೆ, ಕಣ್ಣು ಉರಿಯುತ್ತದೆ. “ಬರೀ ಕಾಪಿ ಮಾಡಕ್ಕೆ ಇಷ್ಟೊತ್ತೇನಮ್ಮ?” ಎಂದು ಕೊಂಕು ಆಡುವವರಿಗೇನೂ ಕಡಿಮೆಯಿಲ್ಲ.

ಅವರದೊಂದು ಪದ್ಧತಿಯಿದೆ. ಹೊಸ ಮನೆಗೆ ಮೊದಲು ದೇವರ ಪಟ ಹೋಗುತ್ತದಲ್ಲ, ಹಾಗೆಯೇ ಮೊದಲು ದಾಟಬೇಕಾದದ್ದು ಯಾವುದೆಂದು ಲ್ಯಾಪ್‌ಟಾಪ್ ತಂದವರನ್ನೇ ಕೇಳುತ್ತಾರೆ. ಕೆಲವರು ಬ್ಯಾಂಕಿನ ಕಾಗದ ಎನ್ನುತ್ತಾರೆ, ಕೆಲವರು ಸುಮ್ಮನೆ ಯೋಚಿಸುತ್ತಾ ನಿಂತುಬಿಡುತ್ತಾರೆ. ಇವತ್ತು ಎದುರಿಗೆ ಕುಳಿತಿರುವ ರೇಣುಕಯ್ಯನವರು ಯೋಚಿಸಲೇ ಇಲ್ಲ. “ಪದಗಳು ಕಣಮ್ಮ,” ಎಂದರು.

ರೇಣುಕಯ್ಯನವರು ಪಾವಗಡದ ಕಡೆಯ ನಿಡುಗಲ್ಲಿನವರು, ಅರ್ಚಕರು. ಹಿಂದಿನ ಸಂಜೆಯೇ ಬಂದು ನೆಂಟರ ಮನೆಯಲ್ಲಿ ಉಳಿದಿದ್ದಾರೆ. ಅವರ ಊರಿನ ಬೋರಪ್ಪ ಎತ್ತಿನ ಹಿಂದೆ ನಡೆಯುತ್ತಲೇ ಪದ ಕಟ್ಟಿದವರು. ಸೋಮವಾರದ ಭಜನೆಯಲ್ಲಿ ಅವರು ಹಾಡುತ್ತಿದ್ದುದನ್ನು ರೇಣುಕಯ್ಯನವರು ಪಕ್ಕದಲ್ಲಿ ಕೂತು ಟೈಪು ಮಾಡಿಟ್ಟಿದ್ದರು. ಈಗ ಬೋರಪ್ಪನವರ ಗಂಟಲು ಕಾಯಿಲೆಯಿಂದ ಕಟ್ಟಿದೆ, ಪಿಸುಮಾತಷ್ಟೇ ಉಳಿದಿದೆ. ಇನ್ನು ಮುಂದೆ ಹಾಡುವವರು ಇದನ್ನು ನೋಡಿಯೇ ಹಾಡಬೇಕು. ಇಲ್ಲಿ ಏನಿದೆಯೋ ಅದೇ ಪದ.

ಪದಗಳು ದಾಟಿದವು. ತೆರೆದರೆ ಪರದೆಯ ತುಂಬ ಇಂಗ್ಲಿಷಿನ ಮುರುಕು ಅಕ್ಷರಗಳು. ರೇಣುಕಯ್ಯನವರ ಮುಖ ಬಿಳಿಚಿತು. “ಎಲ್ಲಾ ಕೆಟ್ಟೋಯ್ತಾ?”

“ಕೆಟ್ಟಿಲ್ಲ ಅಯ್ಯನೋರೆ. ಪದ ಬಂದವೆ, ಅಕ್ಷರದ ಅಚ್ಚು ಅಲ್ಲೇ ಉಳ್ಕಂಡೈತೆ.” ಹಳೆಯದರಲ್ಲಿದ್ದ ಕನ್ನಡದ ಫಾಂಟನ್ನೂ ಹುಡುಕಿ ತಂದು ಕೂರಿಸಿದರು. ಮಂಜು ಸರಿದಂತೆ ಕನ್ನಡ ಮೂಡಿತು. ರೇಣುಕಯ್ಯನವರು ಕೈಮುಗಿದು ಓದತೊಡಗಿದವರು ಎರಡನೆಯ ಸಾಲಿಗೇ ತಡೆದರು.

“ಶಿವಶಿವಾ! ಗುರುಮೂರ್ತಿ ಹೋಗಿ ಗುರುಮೂತಿ ಆಗಿದೆಯಲ್ಲಮ್ಮ!”

ಗಂಗಲಕ್ಷ್ಮಿ ತುಟಿ ಕಚ್ಚಿ ನಗು ತಡೆದರು. “ನನ್ನ ಬೈಬೇಡಿ. ಹಳೇದ್ರಾಗೂ ಮೂತಿನೇ ಐತೆ, ನೋಡಿ.”

ನೋಡಿದರೆ ನಿಜ. ಕರ್ಪೂರ ‘ಕಪೂರ’ವಾಗಿದೆ, ಮರ್ಮ ‘ಮಮ’ವಾಗಿದೆ. ರೇಣುಕಯ್ಯನವರು ನಾಚಿದರು. “ಆ ಅರ್ಕಾವತ್ತು ಯಾವ ಕೀಲೀಲಿ ಬರುತ್ತೋ ಗೊತ್ತಾಗಲಿಲ್ಲ. ಬೋರಪ್ಪ ಹೆಂಗೂ ಬಾಯಲ್ಲಿ ಹಾಡ್ತಾನಲ್ಲ ಅಂತ ಬಿಟ್ಟುಬಿಟ್ಟೆ.”

“ಸರಿ, ನೀವು ಹಾಡ್ಕಂಡ್ ಹೋಗಿ. ಎಲ್ಲಿ ತಪ್ಪುತ್ತೋ ಅಲ್ಲಿ ನಿಲ್ಸಣ.”

ಅಂಗಡಿಯೊಳಗೆ ಪದ ಹರಿಯುತ್ತದೆ. ರೇಣುಕಯ್ಯನವರು ಕಣ್ಣು ಮುಚ್ಚಿ ಹಾಡುತ್ತಾರೆ, ಗಂಗಲಕ್ಷ್ಮಿ ಕಣ್ಣು ತೆರೆದು ಕೇಳುತ್ತಾರೆ. ಬಿಟ್ಟುಹೋಗಿದ್ದ ಒತ್ತುಗಳು, ಸಂಜೆಗೆ ಮನೆ ಸೇರುವ ಕರುಗಳಂತೆ, ಒಂದೊಂದಾಗಿ ತಮ್ಮ ಜಾಗಕ್ಕೆ ಬರುತ್ತವೆ. ಹಾಲಿನವನ ಗಂಟೆಯೂ ತಾಳಕ್ಕೆ ಕೂಡಿಕೊಂಡಂತೆ ಕೇಳಿಸುತ್ತದೆ.

ಕೊನೆಯ ಪದ ಬರುತ್ತದೆ. “ಹೊತ್ತು ಮುಳುಗಿತು, ನೊಗವ ಇಳಿಸಿದೆ, ಬಸವನ ಮೂರ್ತಿಯ ಒರೆಸಿದೆ. ಇದಕೂ ಮಿಗಿಲಾದ ಪೂಜೆ ಅರಿಯೆನು, ನೀನೇ ಹೇಳೋ ಗುರುವೇ.” ಪರದೆಯ ಮೇಲಿರುವುದು ‘ಮೂತಿಯ’. ಗಂಗಲಕ್ಷ್ಮಿಯವರ ಬೆರಳು ಕೀಲಿಯ ಮೇಲೆ ನಿಂತೇ ಇದೆ.

“ತಿದ್ದಮ್ಮ, ಯಾಕೆ ಸುಮ್ಮನಾದೆ?”

“ನಮ್ಮನೇಲೂ ಎತ್ತಿದ್ವು, ಅಯ್ಯನೋರೆ. ಇದು ಅಂಗೇ ಇರ್ಬೋದೇನೋ ಅಂತ.”

“ದೇವರ ಪದದಲ್ಲಿ ಮೂತಿ ಅಂತ ಇರುತ್ತೇನು?” ರೇಣುಕಯ್ಯನವರ ದನಿ ಏರುತ್ತದೆ.

“ನಂಗೂ ಗೊತ್ತಿಲ್ಲ. ಕಟ್ಟಿದೋರ್ನೇ ಕೇಳ್ಬುಡಣ. ಇವತ್ತು ತಪ್ಪು ಕೂತ್ರೆ ಆಮೇಲೆ ಯಾರು ತಿದ್ತಾರೆ?”

ನಿಡುಗಲ್ಲಿಗೆ ಫೋನು ಹೋಗುತ್ತದೆ. ಪಿಸುದನಿ ಕೇಳಲೆಂದು ಗಂಗಲಕ್ಷ್ಮಿ ಫ್ಯಾನು ಆರಿಸುತ್ತಾರೆ. ಬೋರಪ್ಪನವರ ಉಸಿರು ಮೊದಲು ಬರುತ್ತದೆ, ಆಮೇಲೆ ಮಾತು.

“ಮೂತಿನೇ ಕಣ್ ಸ್ವಾಮಿ. ನೊಗ ಇಳ್ಸಿದ್ ಮ್ಯಾಲೆ ಎತ್ತಿನ್ ಬಾಯ್ ತುಂಬಾ ನೊರೆ. ನನ್ ಟವಲ್ನಾಗೆ ಒರ್ಸಿದ್ದೆ. ಅದುನ್ನೇ ಹಾಡ್ದೆ. ಮೂರ್ತಿ ಎಲ್ಲಿಂದ ಬತ್ತು?”

ರೇಣುಕಯ್ಯನವರು ಪರದೆಯ ಆ ಸಾಲಿನ ಮೇಲೆ ಬೆರಳಿಡುತ್ತಾರೆ. “ಇಷ್ಟು ವರ್ಷ ಆ ಸಾಲು ಬಂದಾಗ ಮೂರ್ತಿ ಅಂತಲೇ ಕೈ ಮುಗಿದೆನಲ್ಲೋ ಬೋರಪ್ಪ.”

“ಮುಗೀರಿ ಸ್ವಾಮಿ. ಎತ್ತಿಗೂ ಸಲ್ತೈತೆ.”

ಆ ಕಡೆ ಕೆಮ್ಮು, ಕೆಮ್ಮಿನ ನಡುವೆ ನಗು. ಈ ಕಡೆ ರೇಣುಕಯ್ಯನವರೂ ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಗಂಗಲಕ್ಷ್ಮಿ ಕೀಲಿಯಿಂದ ಬೆರಳು ತೆಗೆಯುತ್ತಾರೆ. ಆ ಪದ ಇದ್ದಂತೆಯೇ ಉಳಿಯುತ್ತದೆ.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಗಂಗಲಕ್ಷ್ಮಿ ಮೊದಲು ಎರಡೂ ಲ್ಯಾಪ್‌ಟಾಪ್‌ಗಳನ್ನು ಒರೆಸಿ ಮುಚ್ಚುತ್ತಾರೆ.

“ಒಂದ್ ಸೋಮ್ವಾರ ರಜ ಸಿಕ್ರೆ ನಿಡುಗಲ್ಲಿಗೆ ಹೋಗ್ಬೇಕು. ಹಿಂದ್ಗಡೆ ಕೂತ್ಕಂಡು ಕೇಳ್ಬೇಕು. ಆ ಮೂತಿ ಅನ್ನೋ ಸಾಲು ಬತ್ತದಲ್ಲ, ಅಲ್ಲಿ ಯಾರೂ ತಡವರಿಸ್ಬಾರ್ದು. ಅಷ್ಟೇಯ.”