ಕೊಟ್ಟ ಮಗಳು, ತಂದ ಸೊಸೆ, ಒಂದು ರಕ್ತಪರೀಕ್ಷೆ

ಶಹಾಪುರಕ್ಕೆ ಬಂದ ಮೊದಲ ಸಂಜೆಯೇ, ಯಾರೋ ನನ್ನನ್ನು ಬೈದರು ಎಂದುಕೊಂಡು ಬಾಗಿಲು ಹಾಕಿಕೊಂಡು ಅತ್ತಿದ್ದೆ. ಹೈಸ್ಕೂಲಿನಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿ, ನಂಜನಗೂಡಿನಿಂದ ರೈಲು ಹತ್ತಿ, ಯಾದಗಿರಿಯಲ್ಲಿ ಇಳಿದು, ಬಸ್ಸು ಹಿಡಿದು ಬಂದಿದ್ದೆ. ಬಾಡಿಗೆ ಕೋಣೆಯ ಒಡತಿ ನೀಲಮ್ಮನವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತು, “ಏನ್ರಿ ಬಾಯಿ, ಉಪಾಸ ಬಿದ್ದು ಸಾಯಾಕ ಬಂದೀರೇನು ನಮ್ಮೂರಿಗೆ? ಏಳ್ರಿ ಮ್ಯಾಲ!” ಎಂದು ಗದರಿದರು. ನಮ್ಮ ಕಡೆ ಇಷ್ಟು ದನಿ ಏರಿತೆಂದರೆ ಅಕ್ಕಪಕ್ಕದವರು ಜಗಳ ಬಿಡಿಸಲು ಬರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಬಾಗಿಲು ತಳ್ಳಿಕೊಂಡು ಬಂದು, ರೊಟ್ಟಿ, ಪುಂಡಿಪಲ್ಯ ಇದ್ದ ತಾಟನ್ನು ನನ್ನ ಮುಂದೆ ಇಟ್ಟಾಗಲೇ ಅದು ಊಟದ ಕರೆಯೆಂದು ಗೊತ್ತಾಯಿತು.

ಮುದ್ದೆ ನುಂಗಿ ಬೆಳೆದವಳಿಗೆ ಜೋಳದ ರೊಟ್ಟಿ ಅಗಿದು ಅಗಿದು ದವಡೆ ನೋಯುತ್ತಿತ್ತು. ನಮ್ಮಲ್ಲಿ ಕಾಲುವೆಯ ತಂಪು, ಇಲ್ಲಿ ಏಪ್ರಿಲ್ ಬಂತೆಂದರೆ ಮನೆಯ ಕಲ್ಲುಹಾಸು ಸಂಜೆಯಾದರೂ ಕಾಲು ಸುಡುತ್ತದೆ. ಊರಿಗೆ ಊರೇ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತದೆ. ನಾನು ‘ಹೋಗ್ತಾ ಇದೀನಿ’ ಎಂದರೆ ಹುಡುಗಿಯರು ಮುಸಿಮುಸಿ ನಕ್ಕು ‘ಹೊಂಟೀನಿ ಅನ್ರಿ ಟೀಚರ’ ಎಂದು ತಿದ್ದುತ್ತಿದ್ದರು. ಭಾನುವಾರಗಳು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಅಮ್ಮನಿಗೆ ಫೋನು ಮಾಡಿ ‘ಎಲ್ಲ ಚೆನ್ನಾಗಿದೆ’ ಎಂದು ಸುಳ್ಳು ಹೇಳಿ, ಇಟ್ಟ ಮೇಲೆ ಗೋಡೆ ನೋಡುತ್ತ ಕೂರುತ್ತಿದ್ದೆ. ಕಡೆಗೊಂದು ದಿನ ನಾನು ತಟ್ಟಿದ ರೊಟ್ಟಿ ಹರಿಯದೆ ಹೆಂಚಿನ ಮೇಲೆ ಉಬ್ಬಿದಾಗ, ನೀಲಮ್ಮನವರು ಓಣಿಯವರನ್ನೆಲ್ಲ ಕರೆದು ತೋರಿಸಿದರು. ಮುಂದಿನ ವರ್ಷ ಅವರ ಕಿರಿಯ ಮಗ ಬಸವರಾಜರನ್ನು ಮದುವೆಯಾದೆ. ಬಾಡಿಗೆ ನಿಂತಿತು, ಗದರಿಕೆ ನಿಲ್ಲಲಿಲ್ಲ.

ಈಗ ನಮ್ಮ ಮಗಳು ಗೌರಿ ಮೂರನೆಯ ಕ್ಲಾಸು. ಇಷ್ಟು ವರ್ಷಗಳಲ್ಲಿ ಈ ಊರು ನನಗೆ ಅರ್ಥವಾಗಿದೆ ಎಂದು ನಾನು ಅಂದುಕೊಂಡಿದ್ದಷ್ಟೇ. ಅರ್ಥವಾಗಿಲ್ಲ ಎಂದು ತಿಳಿದದ್ದು ಕಳೆದ ವರ್ಷ, ನನ್ನ ಗಂಡನ ಅಣ್ಣ, ಭಾವ ಶರಣಪ್ಪನವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದಾಗ.

ಮಾವನವರು ನಲವತ್ತು ದಾಟುವಷ್ಟರಲ್ಲಿ ತೀರಿಕೊಂಡಿದ್ದರು. ಅವರ ತಂದೆಯೂ ಹಾಗೆಯೇ. ಇಬ್ಬರದ್ದೂ ‘ಹೊಟ್ಟಿ ಬ್ಯಾನಿ’ ಎಂದು ಮನೆಯಲ್ಲಿ ಹೇಳುತ್ತಿದ್ದರು. ಬ್ಯಾನಿ ಎಂದರೆ ಇಲ್ಲಿ ನೋವೂ ಹೌದು, ಕಾಯಿಲೆಯೂ ಹೌದು. ಯಾವ ದೇವರಿಗೆ ಏನು ತಪ್ಪಿತೋ ಎಂದು ಅತ್ತೆ ಪ್ರತಿ ವರ್ಷ ಕೊಡೇಕಲ್ಲಿನ ಗುಡಿಗೆ ಹೋಗಿ ಬರುತ್ತಿದ್ದರು. ಕಲಬುರಗಿಯಲ್ಲಿ ಭಾವನ ಆಪರೇಷನ್ ಆಯಿತು. ರಕ್ತಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಇದು ವಂಶದಲ್ಲಿ ಇಳಿದು ಬಂದದ್ದು ಎಂದರು. ತಂದೆತಾಯಿಗಳಲ್ಲಿ ಒಬ್ಬರ ಜೀನಿನಲ್ಲಿ ಈ ದೋಷವಿದ್ದರೆ ಹುಟ್ಟಿದ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದವರಿಗೆಲ್ಲ ಕ್ಯಾನ್ಸರ್ ಆಗಿಯೇ ತೀರುತ್ತದೆ ಎಂದೇನಿಲ್ಲ. ಆದರೆ ಅಪಾಯ ಹೆಚ್ಚು, ಹಾಗಾಗಿ ಕ್ಯಾಮೆರಾ ಹಾಕಿ ಕರುಳನ್ನು ಆಗಾಗ ನೋಡುತ್ತಿರಬೇಕು, ಗಂಟು ಕಂಡರೆ ಕೆಡುವ ಮೊದಲೇ ತೆಗೆದುಬಿಡಬಹುದು. “ಮನಿ ಮಂದಿನ್ನ ಕರಕೊಂಡು ಬರ್ರಿ,” ಎಂದು ಅತ್ತೆಗೆ ಹೇಳಿ ಕಳಿಸಿದರು.

ಅತ್ತೆ ಮನೆಮಂದಿಯನ್ನು ಹೊರಡಿಸಿದರು. ನನ್ನ ಗಂಡ, ಭಾವನ ಹೆಂಡತಿ, ನಾನು, ಜೊತೆಗೆ ಅವರೂ. ಕಾಲೇಜಿನಲ್ಲಿರುವ ಭಾವನ ಮಗನಿಗೆ ರಜೆ ಹಾಕಿಸಿದರು. ಆಸ್ಪತ್ರೆಯಲ್ಲಿ ನನ್ನ ಸರದಿ ಬಂದಾಗ ಅತ್ತೆ ನನ್ನ ಬಳೆಗಳನ್ನು ಮೇಲೆ ಸರಿಸಿ, ತೋಳು ಹಿಡಿದು ಮುಂದೆ ಚಾಚಿದರು. “ಈಕಿದೂ ತಗೀರಿ. ಸಣ್ಣ ಸೊಸಿ.”

ಡಾಕ್ಟರಮ್ಮ ನಕ್ಕರು. “ಸೊಸ್ತೇರಿಗೆ ಬ್ಯಾಡ್ರಿ ಅಮ್ಮಾ. ನಿಮಗೂ ಬ್ಯಾಡ. ಇದು ನಿಮ್ಮ ಯಜಮಾನರ ರಕ್ತದಾಗ ಬಂದದ್ದು. ಇವರದು ಬ್ಯಾರೆ ವಂಶ.”

ಅತ್ತೆಗೆ ಸಿಟ್ಟೇ ಬಂತು. “ಬ್ಯಾರೆ ಅಂದ್ರ? ಇಷ್ಟು ವರ್ಷ ನಮ್ಮನಿ ರೊಟ್ಟಿ ತಿಂದಾಳ. ನಮ್ಮಾಕಿ ಅಲ್ಲಂದ್ರ ಹೆಂಗ್ರಿ?”

ನನಗೆ ಆ ಹೊತ್ತಿನಲ್ಲಿ ಏನಾಯಿತೆಂದು ನೇರವಾಗಿಯೇ ಹೇಳಿಬಿಡುತ್ತೇನೆ. ಸದ್ಯ ನನಗಿಲ್ಲ ಎಂದು ಜೀವ ಹಗುರಾಯಿತು. ಅದರ ಹಿಂದೆಯೇ, ಅತ್ತೆ ಇನ್ನೂ ಹಿಡಿದೇ ಇದ್ದ ತೋಳನ್ನು ನೋಡಿ ಅಳು ಬಂತು. ನನ್ನ ಸೀರೆಯ ನೆರಿಗೆಯಿಂದ ಸಾರಿನ ಬೆಲ್ಲದವರೆಗೆ ಹಂಗಿಸಿದ ಹೆಂಗಸು, ರೋಗ ಹಂಚುವಾಗಲೂ ನನ್ನನ್ನು ಹೊರಗಿಟ್ಟಿರಲಿಲ್ಲ.

“ಮಕ್ಕಳು ಇಬ್ಬರೇ ಏನ್ರಿ?” ಎಂದು ಡಾಕ್ಟರಮ್ಮ ಕೇಳಿದರು.

“ಮನ್ಯಾಗ ಇಬ್ಬರು ಗಂಡಸ್ರು.”

“ಹೆಣ್ಣಮಕ್ಕಳು?”

“ಒಬ್ಬಾಕಿ ಅದಾಳ್ರಿ. ಸುರಪುರಕ್ಕ ಕೊಟ್ಟೀವಿ.”

ಅವಳಿಗೂ ಬರಬಹುದು, ಕರೆತನ್ನಿ ಎಂದು ಡಾಕ್ಟರಮ್ಮ ಹೇಳಿದರೂ, ಅತ್ತೆಯ ಪ್ರಕಾರ ಅಲ್ಲಿಗೆ ಮಾತು ಮುಗಿದಿತ್ತು. ಕೊಟ್ಟ ಹೆಣ್ಣು ಇನ್ನೊಂದು ಮನೆಯ ಹೆಸರಿಗೆ ಸೇರಿದವಳು, ಇನ್ನೊಂದು ಮನೆದೇವರಿಗೆ ನಡೆದುಕೊಳ್ಳುವವಳು. ಮನೆಯ ಕಷ್ಟಸುಖದ ಲೆಕ್ಕದಲ್ಲಿ ಅವಳಿರುವುದಿಲ್ಲ. ನನಗೆ ಮಾತ್ರ ಒಂದು ಮಾತು ಥಟ್ಟನೆ ನೆನಪಾಯಿತು. ಅದಕ್ಕೆ ಹಿಂದಿನ ನಾಗರಪಂಚಮಿ ಹಬ್ಬಕ್ಕೆ ತವರಿಗೆ ಬಂದಿದ್ದಾಗ ನನ್ನ ನಾದಿನಿ ಶಾಂತಾ, ಕಕ್ಕಸಿಗೆ ಹೋದಾಗ ರಕ್ತ ಬೀಳುತ್ತಿದೆ, ಮೂಲವ್ಯಾಧಿಗೆ ನಾಟಿ ಔಷಧ ತಗೊಳ್ಳುತ್ತಿದ್ದೇನೆ ಎಂದು ನನಗೊಬ್ಬಳಿಗೇ ಹೇಳಿದ್ದಳು.

ಮನೆಗೆ ಬಂದು, ಶಾಂತಾಳಿಗೂ ಪರೀಕ್ಷೆ ಮಾಡಿಸೋಣವೆಂದು ಅತ್ತೆಯೊಡನೆ ಮಾತು ತೆಗೆದೆ. “ಬೀಗರಿಗೆ ಗೊತ್ತಾದ್ರ ಏನಂದಾರ? ರೋಗ ಕಟ್ಟಿ ಕಳಿಸ್ಯಾರ ಅಂತಾರ. ಪಂಚಮಿಗೆ ಬರ್ತಾಳಲ್ಲ, ಆವಾಗ ನೋಡೂನು,” ಎಂದರು. ಪಂಚಮಿಗೆ ಇನ್ನೂ ಅರ್ಧ ವರ್ಷವಿತ್ತು. ಅವರ ಭಯ ಸುಳ್ಳಲ್ಲ. ಇಂಥ ಮಾತಿಗೆ ಗಂಡನ ಮನೆಯಿಂದ ಹೊರದಬ್ಬಿಸಿಕೊಂಡ ಹೆಣ್ಣುಮಕ್ಕಳನ್ನು ನಾನೂ ಕಂಡಿದ್ದೆ. ಆದರೂ ಶಾಲೆಗೆ ರಜೆ ಹಾಕಿ, ಯಾರಿಗೂ ಹೇಳದೆ ಸುರಪುರದ ಬಸ್ಸು ಹತ್ತಿದೆ. ಹತ್ತಿಗೂಡೂರು ದಾಟುವವರೆಗೂ, ಇದು ನಾನು ತಲೆಹಾಕಬೇಕಾದ ವಿಷಯವೇ ಎಂದು ನನ್ನೊಳಗೇ ಜಗಳವಾಡಿಕೊಂಡೆ.

ಶಾಂತಾಳ ಅತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಶಾಂತಾಳನ್ನು ಒಳಗೆ ಕರೆದು ಗುಟ್ಟಾಗಿ ಹೇಳೋಣವೆಂದಿದ್ದೆ. ಅವರು ಎಲ್ಲಿ ಬಿಡುತ್ತಾರೆ? “ಏನದ, ಇಲ್ಲೇ ಹೇಳ್ರಿ,” ಎಂದರು. ಹೇಳಿದೆ. ಶಾಂತಾ ಕಂಬಕ್ಕೆ ಒರಗಿ ನಿಂತು ಸೆರಗಿನ ತುದಿ ಕಚ್ಚಿಕೊಂಡಳು. ಆ ಹಿರಿಯಾಕೆ ಬೈದು ಅಟ್ಟುತ್ತಾರೆ ಎಂದು ನಾನು ಕಾದರೆ, ಅವರು ನನಗೇ ಸಮಾಧಾನ ಹೇಳಿದರು.

“ಹೆದರಬ್ಯಾಡ್ರಿ. ಆಕಿ ಈಗ ನಮ್ಮಾಕಿ. ನಮ್ಮನ್ಯಾಗ ಆ ಬ್ಯಾನಿ ಯಾರಿಗೂ ಇಲ್ಲ. ಆಕಿಗೆ ಹೆಂಗ ಬರ್ತದ?”

ಪ್ರೀತಿಯಿಂದಲೇ ಹೇಳಿದ್ದರು, ಅದೇ ಕಷ್ಟ. ತವರಿಗೆ ಅವಳು ಕೊಟ್ಟವಳು, ಇವರಿಗೆ ತಂದವಳು. ಎರಡು ಮನೆಯವರೂ ಕೂಡಿ ಅವಳನ್ನು ಅಪಾಯದಿಂದ ಪಾರು ಮಾಡಿಬಿಟ್ಟಿದ್ದರು, ಮಾತಿನಲ್ಲಿ.

“ಹಂಗಾದ್ರ ಆ ಬ್ಯಾನಿ ನನಗ ಬರಬೇಕಿತ್ತಲ್ರಿ,” ಎಂದೆ. “ನಾನೂ ಆ ಮನಿಗೆ ಬಂದ ಸೊಸಿನೇ. ನಮ್ಮತ್ತಿ ನನ್ನ ಕೈ ಹಿಡಿದು ಚಾಚಿದ್ರೂ ಡಾಕ್ಟರು ನನ್ನ ರಕ್ತ ಮುಟ್ಟಲಿಲ್ಲ. ನನಗ ಬರಲಾರದ್ದು ಈಕಿಗೆ ಬರಬಹುದು ಅಂತ. ಮ್ಯಾಲ ಈಕಿಗೆ ರಕ್ತಾನೂ ಬೀಳಾಕತ್ತದ.”

ಅವರು ಶೇಂಗಾ ಸುಲಿಯುವುದನ್ನು ಬಿಟ್ಟರು. ನನ್ನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು.

“ರಕ್ತ ಬೀಳತದೇನು ನಿನಗ?”

ಶಾಂತಾ ತಲೆಯಾಡಿಸಿದಳು. “ಭಾಳ ದಿನ ಆತ್ರಿ ಅತ್ತಿ.”

“ಬಾಯಿ ಇರಲಿಲ್ಲೇನು ಹೇಳಾಕ?” ಎಂದು ಆಕೆ ಓಣಿಗೆಲ್ಲ ಕೇಳುವಂತೆ ಗದರಿದರು. ಆ ಗದರಿಕೆಯ ಅರ್ಥ ನನಗೆ ಈಗ ಚೆನ್ನಾಗಿ ಗೊತ್ತು. ಮರುದಿನವೇ ಸೊಸೆಯನ್ನು ಕರೆದುಕೊಂಡು ಕಲಬುರಗಿಗೆ ಹೊರಟವರು ಅವರೇ.

ಶಾಂತಾಳ ಕರುಳಿನಲ್ಲಿ ಗಂಟು ಇತ್ತು. ಕೆಡುವ ಹಂತಕ್ಕೆ ಬಂದಿತ್ತು, ಕೆಟ್ಟಿರಲಿಲ್ಲ. ಕ್ಯಾಮೆರಾ ಹಾಕಿದಾಗಲೇ ತೆಗೆದರು. ರಕ್ತಪರೀಕ್ಷೆಯಲ್ಲಿ ಅವಳಿಗೂ ದೋಷ ಬಂದಿದೆ ಎಂದು ತಿಳಿಯಿತು, ನನ್ನ ಗಂಡನಿಗೂ. ಭಾವನ ಮಗನಿಗೆ ಇಲ್ಲ. ಬಸವರಾಜ ಮೊದಲ ವಾರ ಅನ್ನ ಬಿಟ್ಟರು, ಈಗ ವರ್ಷಕ್ಕೊಮ್ಮೆ ತೋರಿಸಿಕೊಂಡು ಬಂದರೆ ಸಾಕೆಂದು ಆರಾಮವಾಗಿದ್ದಾರೆ. ನಾನು ಸುರಪುರಕ್ಕೆ ಹೋದದ್ದಕ್ಕೆ ಅತ್ತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಪಂಚಮಿಗೆ ಶಾಂತಾ ಬಂದು, ಹಾಕಿದ್ದನ್ನೆಲ್ಲ ತಿಂದು, ಜೋಕಾಲಿ ಆಡಿ ಹೋದ ಮೇಲೆ, “ಹಾಲು ಕಾಸೀಯೇನು?” ಎಂದು ಕೇಳಿದರು. ಅವರ ಮಟ್ಟಿಗೆ ಅದು ರಾಜಿ.

ಡಾಕ್ಟರಮ್ಮನ ಬಳಿ ಗೌರಿಯ ವಿಷಯ ಕೇಳಿದ್ದೆ. ಹದಿನೆಂಟು ದಾಟಲಿ, ಪರೀಕ್ಷೆ ಮಾಡಿಸಿಕೊಳ್ಳಬೇಕೋ ಬೇಡವೋ ಎಂದು ಅವಳೇ ಯೋಚಿಸಲಿ, ಅಲ್ಲಿಯವರೆಗೆ ಆಡಿಕೊಂಡಿರಲಿ ಎಂದರು.

ಈ ಬೇಸಿಗೆಯಲ್ಲಿ ನಂಜನಗೂಡಿಗೆ ಹೋಗಿದ್ದಾಗ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಗೌರಿಯನ್ನು ಕೂರಿಸಿಕೊಂಡು ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದರು. ಶರಣಪ್ಪನವರಿಗೆ, ಶಾಂತಾಳಿಗೆ, ಅಳಿಯನಿಗೆ ಲೊಚಗುಟ್ಟಿ, ಕೊನೆಗೆ ನಿಟ್ಟುಸಿರು ಬಿಟ್ಟು, “ಸದ್ಯ ಕಣೇ, ನಮ್ಮ ವಂಶದಲ್ಲಿ ಅಂಥದ್ದೇನೂ ಇಲ್ಲ. ನಮ್ಮೋರಿಗೆ ಯಾರಿಗೂ ಆ ಭಯ ಇಲ್ವಲ್ಲ, ಅಷ್ಟು ಸಾಕು” ಎಂದರು.

“ನಿನ್ನ ಕೈಯಲ್ಲಿರೋ ಜಡೆ ಯಾರದಮ್ಮ?” ಎಂದೆ.

ಅಮ್ಮನ ಬೆರಳು ನಿಂತಿತು. ನಾನು ಹುಟ್ಟಿದ ಮನೆ ಶಹಾಪುರಕ್ಕಿಂತ ಬೇರೆಯೆಂದು ಇಷ್ಟು ವರ್ಷ ನಂಬಿದ್ದೆ.

“ಅಜ್ಜಿ, ಜಲ್ದಿ ಹೆಣಿ, ಆಡಾಕ ಹೋಗ್ಬೇಕು ನಾ,” ಎಂದಳು ಗೌರಿ.

“ನಮ್ಮೋಳೇ ಕಣೇ,” ಎಂದು ಅಮ್ಮ ಮೆಲ್ಲಗೆ, ನನಗೆ ಹೇಳಿದರು. “ಇವಳು ನಮ್ಮೋಳೇ.”

“ಹಾಗಾದ್ರೆ ಆ ಭಯಾನೂ ನಮ್ಮದೇ ಅಮ್ಮ.”

ಅಮ್ಮ ಅಲ್ಲಿಯವರೆಗೆ ಹೆಣೆದಿದ್ದನ್ನು ಬಿಚ್ಚಿ, ಎಣ್ಣೆಗೈಯಿಂದ ಗೌರಿಯ ನೆತ್ತಿ ನೀವಿ, ಮತ್ತೆ ಮೊದಲಿನಿಂದ ಶುರು ಮಾಡಿದರು.